ಮುಚ್ಚಿದ ಕದದ ಹೊರಗೆ ನಿಂತ ಕೂಸು

ಬಹುಮಹಡಿ ಕಟ್ಟಡವೊಂದರ ಉದ್ದನೆಯ ಪಡಸಾಲೆಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ನಡೆದು ಬರುತ್ತಿದ್ದಾಳೆ. ಕೈಯಲ್ಲಿ ಅಂಗಡಿಯಿಂದ ತಂದ ಹಾಲು, ದಿನಸಿಯ ಚೀಲ. ಅವಳ ಮನೆಯ ಬಾಗಿಲು ತೆರೆದಿದೆ. ಹೊಸ್ತಿಲ ಬಳಿ ಶಸ್ತ್ರಧಾರಿ ನಿಂತಿದ್ದಾನೆ. ಒಳಗೆ ತಂದೆ ಹೆಣವಾಗಿ ಬಿದ್ದಿದ್ದಾನೆ. ಒಂದು ಕ್ಷಣ ತಡೆದು ನಿಂತರೂ, ಒಮ್ಮೆ ಚೀರಿದರೂ ಅವಳ ಕಥೆ ಅಲ್ಲಿಗೇ ಮುಗಿಯಿತು. ಅವಳು ನಿಲ್ಲುವುದಿಲ್ಲ. ಅದು ತನ್ನ ಮನೆಯೇ ಅಲ್ಲವೆಂಬಂತೆ ಅದನ್ನು ದಾಟಿ ಮುಂದೆ ನಡೆದು, ಪಡಸಾಲೆಯ ಕೊನೆಯ ಮನೆಯ ಕರೆಗಂಟೆಯನ್ನು ಒತ್ತುತ್ತಾಳೆ. ಕಣ್ಣಲ್ಲಿ ನೀರು ತುಂಬಿದೆ, ತುಟಿಯಲ್ಲಿ ಪಿಸುಮಾತಿನ ಬೇಡಿಕೆ. ಬಾಗಿಲಿಗೆ ಕೂಡಿಸಿದ ಗಾಜಿನ ಕಿಂಡಿಯ ಹಿಂದೆ ನಿಂತವನು ಎಲ್ಲವನ್ನೂ ನೋಡುತ್ತಿದ್ದಾನೆ. ಕದ ಮಾತ್ರ ತೆರೆಯುತ್ತಿಲ್ಲ.

ಫ್ರಾನ್ಸಿನ ನಿರ್ದೇಶಕ ಲ್ಯೂಕ್ ಬೆಸ್ಸೋನ್ ೧೯೯೪ರಲ್ಲಿ ತೆರೆಗೆ ತಂದ ‘ಲಿಯೋನ್’ ಚಿತ್ರದ ದೃಶ್ಯವಿದು. ಕಥೆ ನಡೆಯುವುದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಮನೆಯ ನಡುಮನೆಗೆ ಅದು ಬಂದದ್ದು ಹತ್ತನೆಯ ಇಯತ್ತೆ ಮುಗಿಸಿ ಬಂದಿದ್ದ ಮೊಮ್ಮಗಳ ಕಂಪ್ಯೂಟರಿನ ಮೂಲಕ. ಇಂತಹ ಹೊಡೆದಾಟದ ಚಿತ್ರವನ್ನು ನೋಡಬೇಡವೆಂದು ಹೇಳುವ ಸಲುವಾಗಿಯೇ ನಾನು ಅವಳ ಬೆನ್ನ ಹಿಂದೆ ಹೋಗಿ ನಿಂತಿದ್ದೆ. ಹೇಳಬೇಕೆಂದಿದ್ದ ಮಾತು ಬಾಯಿಯಲ್ಲಿಯೇ ಉಳಿಯಿತು. ಅವಳು ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ, ತಿರುಗಿ ನನ್ನನ್ನೇ ಕೇಳಿದಳು: “ಅಜ್ಜಾ, ಅವಾ ಎಲ್ಲಾ ನೋಡ್ಲಿಕತ್ತಾನ. ಮತ್ತ ಯಾಕ ಬಾಗಲಾ ತಗೀವಲ್ಲ?”

“ತಗದರ ಅವನ ಬಾಳೇವು ಕೆಡತದವ್ವಾ, ಅದಕ್ಕ” ಎಂದೆ. ಸುಮ್ಮನೆ ಆಡಿದ ಮಾತು. ಆದರೆ ಅಂದಿನಿಂದ ಅದು ನನ್ನನ್ನು ಬಿಡಲಿಲ್ಲ. ಈ ಬಗೆಯ ಚಿತ್ರಗಳನ್ನು ಒಂದೊಂದಾಗಿ ಹುಡುಕಿಸಿ, ಕೆಲವನ್ನು ಅವಳೊಂದಿಗೆ, ಕೆಲವನ್ನು ಒಬ್ಬನೇ ಕುಳಿತು ನೋಡಿದೆ. ನೋಡಿದ ಮೇಲೆ ಹೊಳೆದುದನ್ನು ಓದುಗ ಬಂಧುಗಳ ಮುಂದೆ, ವಿಶೇಷವಾಗಿ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳನ್ನು ಇಟ್ಟುಕೊಂಡಿರುವ ತಾಯಿ ತಂದೆಗಳ ಮುಂದೆ, ಇಡುವುದು ಉಚಿತವೆಂದು ತೋರಿತು.

ಬೇಟೆಗೆ ಗುರಿಯಾದ ಕೂಸಿನ ಕಥೆ ಹೊಸತೇನೂ ಅಲ್ಲ. ಕಂಸನ ಸೆರೆಮನೆಯಿಂದ ಯಮುನೆಯನ್ನು ದಾಟಿದ ಶಿಶುವಿನ ಕಥೆಯನ್ನು ನಮ್ಮ ಅಜ್ಜಿಯರು ತೊಟ್ಟಿಲು ತೂಗುತ್ತ ಹೇಳಿದ್ದಾರೆ. ಈಜಿಪ್ಟಿನ ಅರಸನ ಆಜ್ಞೆಗೆ ಅಂಜಿ ಹೆತ್ತವಳು ಬುಟ್ಟಿಯಲ್ಲಿಟ್ಟು ನೈಲ್ ನದಿಯ ಜೊಂಡಿನ ನಡುವೆ ಬಿಟ್ಟ ಮೋಸೆಯ ಕಥೆಯನ್ನು ಯಹೂದಿಗಳೂ ಕ್ರೈಸ್ತರೂ ಮುಸಲ್ಮಾನರೂ ಬಲ್ಲರು. ಆ ಪುರಾಣಗಳಲ್ಲಿ ಕೂಸನ್ನು ಕಾಯುವವರ ಮನಸ್ಸಿನಲ್ಲಿ ಸಂಶಯಕ್ಕೆ ಹೆಚ್ಚು ಎಡೆಯಿಲ್ಲ. ವಸುದೇವ ಹೊಳೆಯ ದಂಡೆಯ ಮೇಲೆ ನಿಂತು, ಹೋಗಲೋ ಬೇಡವೋ ಎಂದು ಲೆಕ್ಕ ಹಾಕಲಿಲ್ಲ. ಈ ಕಾಲದ ಸಾಹಸ ಚಿತ್ರಗಳು ಮಾಡಿದ ಮಾರ್ಪಾಡು ಇರುವುದೇ ಇಲ್ಲಿ. ಇವುಗಳಲ್ಲಿ ಕಾಯಬೇಕಾದವನು ಒಲ್ಲೆನೆನ್ನುತ್ತಾನೆ. ಕೂಸು ಅವನದಲ್ಲ, ಹಗೆ ಅವನದಲ್ಲ. ಅವನ ಬದುಕು ಹೇಗೋ ಒಂದು ದಾರಿಗೆ ಬಂದಿದೆ, ಅದನ್ನು ಕೆಡಿಸಿಕೊಳ್ಳುವ ಮನಸ್ಸು ಅವನಿಗಿಲ್ಲ. ಅವನನ್ನು ‘ಒಲ್ಲದ ರಕ್ಷಕ’ನೆಂದು ಕರೆಯಬಹುದು.

ಈ ವರ್ಗದ ಚಿತ್ರಗಳಲ್ಲಿ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹಿರಿದಾಗಿ ಕಂಡದ್ದು ‘ಲಿಯೋನ್’ ಅಲ್ಲ. ಅದಕ್ಕಿಂತ ಹದಿನಾಲ್ಕು ವರ್ಷ ಮೊದಲು, ೧೯೮೦ರಲ್ಲಿ, ಅದೇ ನ್ಯೂಯಾರ್ಕಿನ ಬೀದಿಗಳಲ್ಲಿ ತೆಗೆದ ‘ಗ್ಲೋರಿಯಾ’. ಬಾಗಿಲು, ಕೊಲೆಗಡುಕರು, ನೆರೆಮನೆ ಎಲ್ಲವೂ ಅಲ್ಲಿಯೂ ಇವೆ. ಆದರೆ ಕದ ತೆರೆಯಬೇಕಾದವಳು ಒಬ್ಬ ಹೆಂಗಸು.

ಕಥೆಯನ್ನು ಸಂಗ್ರಹವಾಗಿ ಹೇಳುತ್ತೇನೆ. ಬ್ರಾಂಕ್ಸ್ ಭಾಗದ ಹಳೆಯ ಕಟ್ಟಡವೊಂದರಲ್ಲಿ ಪೋರ್ಟೊರಿಕೊ ಮೂಲದ ಸಂಸಾರವೊಂದು ವಾಸವಾಗಿದೆ. ಮನೆಯ ಯಜಮಾನ ಭೂಗತ ದರೋಡೆಕೋರರ ಲೆಕ್ಕಪತ್ರ ಬರೆಯುವವನು. ಅವರ ಗುಟ್ಟನ್ನು ಸರಕಾರದ ಪತ್ತೇದಾರರಿಗೆ ಮುಟ್ಟಿಸಿದ್ದಾನೆಂಬುದು ಬಯಲಾಗಿದೆ. ಕೊಲ್ಲುವವರು ಕಟ್ಟಡದ ಕೆಳಗೆ ಬಂದು ನಿಂತಿದ್ದಾರೆ. ಅಂತಹ ಹೊತ್ತಿನಲ್ಲಿ ಅದೇ ಮಹಡಿಯ ನೆರೆಯವಳು, ಗ್ಲೋರಿಯಾ, ಬಾಗಿಲು ತಟ್ಟುತ್ತಾಳೆ. ಮನೆಯಲ್ಲಿ ಕಾಫಿಪುಡಿ ತೀರಿದೆ. ಸ್ವಲ್ಪ ಕಡ ಕೇಳಲು ಬಂದಿದ್ದಾಳೆ! ನಮ್ಮ ಓಣಿಗಳಲ್ಲಿ ಸಕ್ಕರೆ, ಹೆಪ್ಪು ಕೇಳಲು ಬರುವಂತೆಯೇ. ತಾಯಿ ಅವಳ ಕೈ ಹಿಡಿದು, ನನ್ನ ಮಕ್ಕಳನ್ನು ಉಳಿಸೆಂದು ಬೇಡುತ್ತಾಳೆ. ಗ್ಲೋರಿಯಾಳ ಉತ್ತರ ಕಿವಿಗೆ ಕಠೋರವಾದದ್ದು. ತನಗೆ ಮಕ್ಕಳೆಂದರೆ ಆಗದು, ಅದರಲ್ಲೂ ನಿಮ್ಮ ಮಕ್ಕಳಂತೂ ಬೇಡವೇ ಬೇಡ, ಎಂದು ಮುಖದ ಮೇಲೆಯೇ ಹೇಳಿಬಿಡುತ್ತಾಳೆ.

ಹಿರಿಯ ಮಗಳು ತಾಯಿಯನ್ನು ಬಿಟ್ಟು ಬರಲು ಒಪ್ಪದೆ ಬಚ್ಚಲುಮನೆ ಸೇರಿ ಅಗುಳಿ ಹಾಕಿಕೊಳ್ಳುತ್ತಾಳೆ. ಆರು ವರ್ಷದ ಫಿಲ್ ಮಾತ್ರ ಗ್ಲೋರಿಯಾಳ ಕೈಗೆ ಬರುತ್ತಾನೆ. ತಂದೆ ಅವನ ಕೈಯಲ್ಲಿ ಲೆಕ್ಕದ ಪುಸ್ತಕವನ್ನಿಟ್ಟು, ಇದನ್ನು ಧರ್ಮಗ್ರಂಥದಂತೆ ಕಾಪಾಡಿಕೊ ಎಂದು ಹೇಳಿ ಕಳಿಸುತ್ತಾನೆ. ಆ ಪುಸ್ತಕವೇ ಹುಡುಗನ ಕೊರಳಿಗೆ ಬಿದ್ದ ಉರುಲು; ಅದು ಅವನಲ್ಲಿರುವವರೆಗೆ ಹಗೆಗಳು ಅವನನ್ನು ಬಿಡುವಂತಿಲ್ಲ. ಗ್ಲೋರಿಯಾಳ ಮನೆಯೊಳಗೆ ಅವರಿಬ್ಬರೂ ಸೇರಿದ ಸ್ವಲ್ಪ ಹೊತ್ತಿಗೆಲ್ಲ ಆಚೆ ಮನೆಯಲ್ಲಿ ಸದ್ದಾಗುತ್ತದೆ. ಆ ಬಳಿಕ ಹುಡುಗನಿಗೆ ಈ ಲೋಕದಲ್ಲಿ ಮಕ್ಕಳೆಂದರಾಗದ ಆ ಹೆಂಗಸೊಬ್ಬಳೇ ಗತಿ.

ಅವಳಾದರೂ ಎಂಥವಳು? ಒಂದು ಕಾಲಕ್ಕೆ ಅದೇ ದರೋಡೆಕೋರರ ಗುಂಪಿನ ನಾಯಕನ ಆಶ್ರಯದಲ್ಲಿದ್ದವಳು. ಹುಡುಗನನ್ನು ಬೆನ್ನಟ್ಟುತ್ತಿರುವವರೆಲ್ಲ ಅವಳ ಹಳೆಯ ಪರಿಚಯದವರು, ಅವಳೊಂದಿಗೆ ಒಂದೇ ಪಂಕ್ತಿಯಲ್ಲಿ ಉಂಡವರು. ಬ್ಯಾಂಕಿನಲ್ಲಿ ಅಷ್ಟಿಷ್ಟು ಗಂಟಿದೆ, ಸಾಕಿದ ಬೆಕ್ಕಿದೆ, ಒಳ್ಳೆಯ ಉಡುಪುಗಳಿವೆ. ಹುಡುಗನನ್ನು ಒಪ್ಪಿಸಿದರೆ ಇವೆಲ್ಲ ಉಳಿಯುತ್ತವೆ. ಅವಳು ಹಾಗೆ ಮಾಡಿಯೂಬಿಡುತ್ತಾಳೇನೋ ಎಂಬ ಅನುಮಾನ ನೋಡುವವರನ್ನು ಬಹಳ ಹೊತ್ತಿನವರೆಗೆ ಕಾಡುತ್ತದೆ. ಬೀದಿಯಲ್ಲಿ ಅವನನ್ನು ಹೋಗೆಂದು ನೂಕುತ್ತಾಳೆ. ತಾನು ನಾಲ್ಕು ಹೆಜ್ಜೆ ಮುಂದೆ ಹೋಗುತ್ತಾಳೆ. ಅವನು ಹಿಂದೆಯೇ ಬರುತ್ತಾನೆ. ಆಗ ಅವಳ ಹಳೆಯ ಪರಿಚಯದವರ ಕಾರು ಪಕ್ಕದಲ್ಲಿ ಬಂದು ನಿಲ್ಲುತ್ತದೆ. ನಿನ್ನೊಡನೆ ನಮ್ಮದೇನೂ ತಕರಾರಿಲ್ಲ, ಹುಡುಗನನ್ನು ಬಿಟ್ಟು ಹೋಗೆಂದು ಸಮಾಧಾನದಿಂದಲೇ ಹೇಳುತ್ತಾರೆ. ಗ್ಲೋರಿಯಾ ಕೈಚೀಲದಿಂದ ಪಿಸ್ತೂಲು ತೆಗೆದು ಗುಂಡು ಹಾರಿಸುತ್ತಾಳೆ. ಕಾರು ಉರುಳಿ ಬೀಳುತ್ತದೆ.

ಈ ಗಳಿಗೆಯ ಬೆರಗು ಗುಂಡಿನ ಸದ್ದಿನಲ್ಲಿಲ್ಲ. ಗುಂಡು ಹಾರಿಸಿದವಳ ಮುಖದಲ್ಲಿದೆ. ತಾನು ಮಾಡಿದ್ದನ್ನು ಅವಳೇ ನಂಬಲಾರಳು. ಅವಳ ಹಳೆಯ ಬದುಕು ಆ ಕ್ಷಣಕ್ಕೆ ಕೊನೆಗೊಂಡಿತು. ಇನ್ನು ತಿರುಗಿ ಹೋಗಲು ಮನೆಯಿಲ್ಲ. ಪ್ರೀತಿ ಹುಟ್ಟಿ ಅವಳು ಹುಡುಗನನ್ನು ಉಳಿಸಿದಳೆಂದು ಹೇಳಲು ಬರುವುದಿಲ್ಲ. ಮೊದಲು ಉಳಿಸಿದಳು. ಪ್ರೀತಿ ಆಮೇಲೆ, ಬಹಳ ತಡವಾಗಿ, ಬೈಗುಳಗಳ ನಡುವೆ ನುಸುಳಿಕೊಂಡು ಬಂದಿತು.

ಹೆಣ್ಣೆಂದ ಮೇಲೆ ತಾಯ್ತನವು ಅವಳೊಡನೆ ಹುಟ್ಟಿಯೇ ಬಂದಿರುತ್ತದೆಂದು ನಾವು ಹೇಳುತ್ತ ಬಂದಿದ್ದೇವೆ. ನಮ್ಮ ಪತ್ರಿಕೆಗಳ ಪುಟಗಳಲ್ಲಿಯೂ ಹಾಗೆಯೇ ಬರೆಯುತ್ತ ಬಂದಿದ್ದೇವೆ. ಹಾಗೆಂದು ನಂಬಿದವರಿಗೆ ಗ್ಲೋರಿಯಾ ಒಗಟಾಗಿ ಕಾಣುತ್ತಾಳೆ. ಅವಳಿಗೆ ಅಡುಗೆ ಬಾರದು. ಹುಡುಗನಿಗೆ ತಿಂಡಿ ಮಾಡಿಕೊಡಲು ಹೋಗಿ ಸೋಲುತ್ತಾಳೆ. ಮಗುವನ್ನು ಮುದ್ದಿಸುವ ಮಾತು ಅವಳ ನಾಲಗೆಗೆ ಒಗ್ಗದು. ಎತ್ತರದ ಹಿಮ್ಮಡಿಯ ಪಾದರಕ್ಷೆ ತೊಟ್ಟು, ಬೆಲೆಬಾಳುವ ಉಡುಪಿನಲ್ಲಿಯೇ, ಒಂದು ವಸತಿಗೃಹದಿಂದ ಇನ್ನೊಂದಕ್ಕೆ, ಬಾಡಿಗೆ ಕಾರಿನಿಂದ ನೆಲದಡಿಯ ರೈಲಿಗೆ ಅವನನ್ನು ಎಳೆದುಕೊಂಡು ಓಡುತ್ತಾಳೆ. ಆದರೂ ಹೆತ್ತ ತಾಯಿ ಮಾಡಲಾಗದ್ದನ್ನು ಅವಳು ಮಾಡಿದಳು. ಮಲತಾಯಿ, ಚಿಕ್ಕಮ್ಮ, ಅತ್ತಿಗೆ ಎಂದು ಯಾರದೋ ಮಕ್ಕಳನ್ನು ಒಲ್ಲದ ಮನಸ್ಸಿನಿಂದಲೇ ಮಡಿಲಿಗೆ ಹಾಕಿಕೊಂಡು ಬೆಳೆಸಿದವರು ನಮ್ಮ ಮನೆತನಗಳಲ್ಲಿ ಎಷ್ಟಿಲ್ಲ? ಅವರ ಒಲ್ಲದ ಮನಸ್ಸನ್ನು ನಾವು ನೆನೆಯುವುದಿಲ್ಲ, ನೆನೆದರೂ ಕುಂದೆಂದು ಮುಚ್ಚಿಡುತ್ತೇವೆ. ಅವರು ಪಟ್ಟ ಪಾಡಿನ ಅರ್ಧ ಅದರಲ್ಲಿಯೇ ಇರುತ್ತದೆ.

ಈ ಚಿತ್ರ ಹುಟ್ಟಿದ ಬಗೆಯೂ ಅದರ ಕಥೆಯಂತೆಯೇ ಇದೆ. ಬರೆದು ನಿರ್ದೇಶಿಸಿದವರು ಜಾನ್ ಕ್ಯಾಸವೆಟಿಸ್. ಗ್ಲೋರಿಯಾಳಾಗಿ ನಟಿಸಿದವರು ಅವರ ಪತ್ನಿ ಜೀನಾ ರೋಲ್ಯಾಂಡ್ಸ್. ೧೯೫೪ರಲ್ಲಿ ಮದುವೆಯಾದ ಈ ದಂಪತಿ ದೊಡ್ಡ ಕಂಪನಿಗಳ ಹಂಗಿಲ್ಲದೆ, ತಮ್ಮ ಮನೆಯನ್ನೇ ಚಿತ್ರೀಕರಣದ ಸ್ಥಳವಾಗಿಸಿಕೊಂಡು, ಇಬ್ಬರ ತಾಯಂದಿರನ್ನೂ ಪಾತ್ರ ಮಾಡಿಸಿ, ಗೆಳೆಯರನ್ನು ಕೂಡಿಸಿ ಸಂಸಾರ ನಡೆಸಿದಂತೆ ಚಿತ್ರ ತೆಗೆದವರು. ೧೯೭೪ರಲ್ಲಿ ಬಂದ ಅವರ ಹೆಸರಾಂತ ಚಿತ್ರಕ್ಕೆ ಮನೆಯನ್ನು ಒತ್ತೆಯಿಟ್ಟು ಹಣ ತಂದಿದ್ದರು. ಬಂದೂಕು ಬೆನ್ನಟ್ಟುವಿಕೆಗಳ ಕಥೆ ಕ್ಯಾಸವೆಟಿಸ್ ಅವರ ಒಲವಿನದಲ್ಲ. ಕೊಲಂಬಿಯಾ ಕಂಪನಿಗೆ ಮಾರುವ ಉದ್ದೇಶದಿಂದಲೇ ಅವರು ‘ಗ್ಲೋರಿಯಾ’ವನ್ನು ಬರೆದರು, ನಿರ್ದೇಶಿಸುವ ಯೋಚನೆ ಇರಲಿಲ್ಲ. ಕಂಪನಿಯು ಜೀನಾ ಅವರನ್ನು ಪಾತ್ರಕ್ಕೆ ಕೇಳಿತು. ಜೀನಾ, ನೀವೇ ನಿರ್ದೇಶಿಸಿರೆಂದು ಗಂಡನನ್ನು ಕೇಳಿದರು. ಹೀಗೆ ಒಲ್ಲದ ರಕ್ಷಕಿಯ ಕಥೆಗೆ ಒಲ್ಲದ ನಿರ್ದೇಶಕನೇ ದೊರೆತನು! ೧೯೮೦ರ ವೆನಿಸ್ ಚಲನಚಿತ್ರೋತ್ಸವದ ಸ್ವರ್ಣಸಿಂಹ ಪ್ರಶಸ್ತಿಯನ್ನು ಈ ಚಿತ್ರ ಫ್ರಾನ್ಸಿನ ಲೂಯಿ ಮಾಲ್ ಅವರ ‘ಅಟ್ಲಾಂಟಿಕ್ ಸಿಟಿ’ಯೊಂದಿಗೆ ಹಂಚಿಕೊಂಡಿತು. ಜೀನಾ ಅವರ ಹೆಸರು ಆಸ್ಕರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ಕ್ಯಾಸವೆಟಿಸ್ ೧೯೮೯ರಲ್ಲಿ ತೀರಿಕೊಂಡರು. ಜೀನಾ ೨೦೨೪ರ ಆಗಸ್ಟಿನಲ್ಲಿ, ತಮ್ಮ ೯೪ನೆಯ ವಯಸ್ಸಿನಲ್ಲಿ.

ಒಲ್ಲೆನೆಂದು ಮೊದಲು ಹಿಂಜರಿದು ಅನಂತರ ಬಾಗಿಲು ತೆರೆದವರು ಪಡುವಣ ದೇಶದ ಕಲ್ಪನೆಯಲ್ಲಿ ಮಾತ್ರ ಇದ್ದಾರೆಂದು ಯಾರೂ ತಿಳಿಯಬಾರದು. ಮೇವಾಡದ ಪನ್ನಾ ದಾಯಿಯ ಹೆಸರನ್ನು ನಮ್ಮ ಶಾಲಾ ಮಕ್ಕಳೂ ಕೇಳಿದ್ದಾರೆ. ೧೫೩೬ರ ಸುಮಾರಿಗೆ ಬನವೀರನು ರಾಣಾ ವಿಕ್ರಮಾದಿತ್ಯನನ್ನು ಕೊಂದು, ಬಾಲಕ ಉದಯಸಿಂಹನನ್ನೂ ಕೊಲ್ಲಲು ಬಂದಾಗ, ಆ ದಾದಿಯು ತನ್ನ ಮಗನನ್ನು ಅರಸುಮಗನ ಹಾಸಿಗೆಯಲ್ಲಿ ಮಲಗಿಸಿ, ಅರಸುಮಗನನ್ನು ಬುಟ್ಟಿಯಲ್ಲಿ ಮರೆಮಾಡಿ ಹೊರಗೆ ಸಾಗಿಸಿದಳು. ಇಲ್ಲಿಗೆ ಪಠ್ಯಪುಸ್ತಕದ ಕಥೆ ಮುಗಿಯುತ್ತದೆ. ರಾಜಸ್ಥಾನದ ಕಥನಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕಲೆಹಾಕಿ ಬರೆದ ಜೇಮ್ಸ್ ಟಾಡ್ ಮುಂದಿನದನ್ನೂ ಹೇಳುತ್ತಾನೆ. ಪನ್ನಾ ಆ ಕೂಸನ್ನು ಹೊತ್ತು ದೇವಲಿಯಾ, ಡೂಂಗರ್‌ಪುರಗಳ ಒಡೆಯರ ಬಾಗಿಲಿಗೆ ಹೋದಳು. ಬನವೀರನ ಸಿಟ್ಟಿಗೆ ಹೆದರಿ ಅವರು ಆಸರೆ ಕೊಡಲಿಲ್ಲ. ಕೊನೆಗೆ ಕುಂಭಲಗಢದ ಕೋಟೆಯ ಅಧಿಕಾರಿ ಆಶಾ ಶಾಹನ ತೊಡೆಯ ಮೇಲೆ ಕೂಸನ್ನಿರಿಸಿದಳು. ಅವನೂ ಅಂಜಿದನು, ಬೇಡವೆನ್ನುವುದರಲ್ಲಿದ್ದನು. ಅಲ್ಲಿಯೇ ಇದ್ದ ಅವನ ತಾಯಿ ಮಗನ ಅಂಜಿಕೆಯನ್ನು ಕಂಡು ಗದರಿಸಿದಳು. ಅನಂತರವೇ ಅವನು ಹುಡುಗನನ್ನು ತನ್ನ ಸೋದರಳಿಯನೆಂದು ಹೇಳಿಕೊಂಡು ಬೆಳೆಸಿದನು. ಉದಯಪುರವನ್ನು ಕಟ್ಟಿದವನೂ ರಾಣಾ ಪ್ರತಾಪನನ್ನು ಹೆತ್ತವನೂ ಆ ಹುಡುಗನೇ. ಪನ್ನಾಳ ತ್ಯಾಗಕ್ಕೆ ಎಣೆಯಿಲ್ಲ, ನಿಜ. ಆದರೆ ನಮ್ಮಂತಹ ಸಾಮಾನ್ಯರ ಪಾಲಿಗೆ ಬರುವುದು ಪನ್ನಾಳ ಪಾತ್ರವಲ್ಲ, ಆಶಾ ಶಾಹನ ಪಾತ್ರ. ಬೆನ್ನ ಹಿಂದೆ ಗದರಿಸುವ ತಾಯಿ ಇದ್ದರೆ ಅದು ನಮ್ಮ ಪುಣ್ಯ.

ಇನ್ನು ೧೯೯೧ರ ‘ಟರ್ಮಿನೇಟರ್ ೨’. ಜೇಮ್ಸ್ ಕ್ಯಾಮರೂನ್ ನಿರ್ದೇಶನದ, ನೂರು ಮಿಲಿಯ ಡಾಲರಿನಷ್ಟು ವೆಚ್ಚದ, ನಾಲ್ಕು ಆಸ್ಕರ್ ಗಳಿಸಿದ ಈ ಚಿತ್ರವನ್ನು ನಮ್ಮ ಊರುಗಳ ತರುಣರೂ ಕಂಡಿದ್ದಾರೆ. ಇದರ ಮೊದಲ ಭಾಗದಲ್ಲಿ, ೧೯೮೪ರಲ್ಲಿ, ಆರ್ನಾಲ್ಡ್ ಷ್ವಾರ್ಜ್‌ನೆಗ್ಗರ್ ಭವಿಷ್ಯದಿಂದ ಬಂದ ಕೊಲೆಗಾರ ಯಂತ್ರಮಾನವನಾಗಿದ್ದರು. ಎರಡನೆಯದರಲ್ಲಿ ಅದೇ ಮೈಕಟ್ಟು, ಅದೇ ತೊಗಲಿನ ಅಂಗಿ. ಆದರೆ ಯಂತ್ರ ಬಂದಿರುವುದು ಹತ್ತು ವರ್ಷದ ಜಾನ್ ಕಾನರ್ ಎಂಬ ಹುಡುಗನನ್ನು ಇನ್ನೊಂದು ಯಂತ್ರದಿಂದ ಕಾಯಲು. ಇಲ್ಲಿ ರಕ್ಷಕನಿಗೆ ಮನಸ್ಸೇ ಇಲ್ಲವಾದುದರಿಂದ ಒಲ್ಲೆನೆನ್ನುವ ಪ್ರಶ್ನೆ ಹುಟ್ಟುವುದಿಲ್ಲ. ಅದರ ಬದಲು ಬೇರೊಂದು ಸಂಗತಿ ನಡೆಯುತ್ತದೆ. ಹುಡುಗನ ಕೂಗಿಗೆ ಓಡಿಬಂದ ಅಮಾಯಕನೊಬ್ಬನನ್ನು ಯಂತ್ರವು ಗುಂಡಿಕ್ಕಿ ಕೊಲ್ಲಲು ಹೊರಡುತ್ತದೆ. ಹುಡುಗ ಬಂದೂಕನ್ನು ಪಕ್ಕಕ್ಕೆ ತಳ್ಳಿ, ಜನರನ್ನು ಕೊಲ್ಲಕೂಡದೆಂದು ಆಣೆ ಮಾಡಿಸುತ್ತಾನೆ. ಏಕೆ ಕೊಲ್ಲಬಾರದೆಂಬುದು ಯಂತ್ರಕ್ಕೆ ತಿಳಿಯದು; ಬಿಡಿಸಿ ಹೇಳಲು ಹುಡುಗನಿಗೂ ಬಾರದು. ಕೊಲ್ಲಬಾರದು, ಅಷ್ಟೇ. ಮುಂದೆ ಪೊಲೀಸರ ದಂಡೇ ಎದುರಾದಾಗ ಯಂತ್ರವು ವಾಹನಗಳನ್ನು ಚಿಂದಿ ಮಾಡುತ್ತದೆ, ಸತ್ತವರ ಸಂಖ್ಯೆ ಸೊನ್ನೆಯೆಂದು ತನ್ನೊಳಗೆ ಲೆಕ್ಕ ತೋರಿಸುತ್ತದೆ.

ಅದೇ ಚಿತ್ರದಲ್ಲಿ ಹುಡುಗನ ತಾಯಿ, ಆಡುತ್ತಿರುವ ಮಗನನ್ನೂ ಯಂತ್ರವನ್ನೂ ದೂರದಿಂದ ನೋಡುತ್ತ, ಈ ಯಂತ್ರ ಎಂದೂ ಅವನನ್ನು ಬಿಟ್ಟು ಹೋಗದು, ಕುಡಿದು ಬಂದು ಹೊಡೆಯದು, ಪುರುಸೊತ್ತಿಲ್ಲವೆನ್ನದು ಎಂಬ ಅರ್ಥದಲ್ಲಿ ಮನಸ್ಸಿನಲ್ಲಿ ಅಂದುಕೊಳ್ಳುತ್ತಾಳೆ. ತಂದೆಯ ಸ್ಥಾನಕ್ಕೆ ಬಂದ ಗಂಡಸರೆಲ್ಲರಿಗಿಂತ ಯಂತ್ರವೇ ಮೇಲೆಂಬ ತೀರ್ಮಾನ! ಸಂಜೆ ಮನೆಗೆ ಬಂದೊಡನೆ ಮೊಬೈಲ್ ಹಿಡಿದು ಕೂಡುವ ತಂದೆಯರು ಈ ಒಂದು ದೃಶ್ಯವನ್ನಾದರೂ ನೋಡಬೇಕು. ಮಿಕ್ಕ ಚಿತ್ರದ ಗದ್ದಲವನ್ನು ಅವರು ಬೇಕಾದರೆ ಬಿಡಲಿ.

ಈಗ ‘ಲಿಯೋನ್’ ಚಿತ್ರದ ಬಾಗಿಲಿಗೆ ಮರಳೋಣ. ಲಿಯೋನ್ ಹಣಕ್ಕಾಗಿ ಕೊಲ್ಲುವವನು, ಒಂಟಿ, ಹಾಲು ಕುಡಿಯುತ್ತಾನೆ, ಕುಂಡದಲ್ಲೊಂದು ಗಿಡ ಸಾಕಿದ್ದಾನೆ, ಓದು ಬಾರದು. ಕೊನೆಗೂ ಅವನು ಕದ ತೆರೆಯುತ್ತಾನೆ. ಒಳಗಿನ ಬೆಳಕು ಹುಡುಗಿ ಮಟಿಲ್ಡಾಳ ಮುಖದ ಮೇಲೆ ಬೀಳುತ್ತದೆ. ಅಂದು ರಾತ್ರಿ ಅವಳು ಮಲಗಿರುವಾಗ ಪಿಸ್ತೂಲು ಹಿಡಿದು ಅವಳ ತಲೆಯ ಬಳಿಗೂ ಹೋಗುತ್ತಾನೆ. ಇವಳು ಇದ್ದರೆ ತನಗೆ ಉಳಿವಿಲ್ಲವೆಂದು ಅವನಿಗೆ ಗೊತ್ತು. ಕೈ ಏಳದೆ ಹಿಂದೆ ಸರಿಯುತ್ತಾನೆ. ಒಲ್ಲದ ರಕ್ಷಕನ ಮನಸ್ಸನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ದೃಶ್ಯ ಇನ್ನೊಂದನ್ನು ನಾನು ಕಂಡಿಲ್ಲ.

ಆದರೆ ಅಲ್ಲಿಂದಾಚೆಗೆ ಈ ಚಿತ್ರ ನನ್ನ ಮನಸ್ಸಿನಿಂದ ದೂರವಾಗುತ್ತ ಹೋಯಿತು. ಎಳೆಯ ತಮ್ಮನನ್ನು ಕೊಂದವರ ಮೇಲೆ ಸೇಡು ತೀರಿಸಿಕೊಳ್ಳಬೇಕೆಂದು ಹುಡುಗಿ ಹಟ ಹಿಡಿಯುತ್ತಾಳೆ. ಲಿಯೋನ್ ಅವಳಿಗೆ ಬಂದೂಕು ಹಿಡಿಯಲು ಕಲಿಸುತ್ತಾನೆ. ‘ಟರ್ಮಿನೇಟರ್’ನಲ್ಲಿ ಕೂಸು ಕೊಲ್ಲುವವನ ಕೈ ತಡೆಯಿತು, ಇಲ್ಲಿ ಕೊಲ್ಲುವವನು ಕೂಸಿನ ಕೈಗೇ ಆಯುಧ ಕೊಟ್ಟನು. ಇದಕ್ಕಿಂತ ಕಳವಳಪಡಿಸುವ ಇನ್ನೊಂದು ಎಳೆಯೂ ಇದೆ. ಹನ್ನೆರಡರ ಹುಡುಗಿಗೆ ಪ್ರಾಯದ ಹೆಣ್ಣಿನ ಹಾವಭಾವ ಕೊಟ್ಟು, ರಕ್ಷಕನ ಮೇಲೆ ಅವಳಿಗೆ ಪ್ರಣಯವಿದೆಯೆಂಬಂತೆ ಕಥೆಯನ್ನು ಹೆಣೆದಿದ್ದಾರೆ. ಅಮೆರಿಕದ ಪ್ರೇಕ್ಷಕರಿಗೆ ಮುಂಚಿತವಾಗಿ ತೋರಿಸಿದಾಗ ಅವರು ಮುಜುಗರಪಟ್ಟುದರಿಂದ ಅಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಭಾಗವನ್ನು ಕತ್ತರಿಸಿ ಬಿಡುಗಡೆ ಮಾಡಲಾಯಿತು. ಮಟಿಲ್ಡಾಳಾಗಿ ನಟಿಸಿದ ನತಾಲಿ ಪೋರ್ಟ್‌ಮನ್ ಆಗ ಹನ್ನೆರಡು ವರ್ಷದವರು. ಅವರ ತಾಯಿ ತಂದೆಗಳು ಸಿಗರೇಟಿನ ದೃಶ್ಯಗಳ ಬಗೆಗೆ ಕಟ್ಟುನಿಟ್ಟಾದ ಷರತ್ತು ಹಾಕಿಯೇ ಮಗಳನ್ನು ಕಳಿಸಿದ್ದರು. ಹೊಗೆಯಿಂದ ಮಗಳನ್ನು ಕಾಯಬಹುದಾಗಿತ್ತು. ನೋಡುಗರ ಕಣ್ಣಿನಿಂದ ಕಾಯುವುದು ಯಾರ ಕೈಯಲ್ಲಿತ್ತು? ೨೦೧೮ರ ಜನವರಿಯಲ್ಲಿ ಲಾಸ್ ಏಂಜಲಿಸ್ ನಗರದ ಮಹಿಳಾ ಮೆರವಣಿಗೆಯಲ್ಲಿ ಮಾತನಾಡುತ್ತ ಪೋರ್ಟ್‌ಮನ್, ಚಿತ್ರ ಬಿಡುಗಡೆಯಾದ ಬಳಿಕ ಹದಿಮೂರನೆಯ ವಯಸ್ಸಿನಲ್ಲಿ ತಾವು ಒಡೆದ ಮೊದಲನೆಯ ಅಭಿಮಾನಿ ಪತ್ರದಲ್ಲಿಯೇ ಗಂಡಸೊಬ್ಬನು ಇಲ್ಲಿ ಬರೆಯಲಾಗದಂತಹ ವಿಕಾರವನ್ನು ಬರೆದಿದ್ದನೆಂದು ಹೇಳಿದರು. ಅಂದಿನಿಂದ ಉಡುಪು, ಮಾತು, ಒಪ್ಪುವ ಪಾತ್ರ ಎಲ್ಲದರಲ್ಲಿಯೂ ತಮ್ಮನ್ನು ಮುಚ್ಚಿಕೊಳ್ಳುವುದನ್ನು ಕಲಿತುದಾಗಿಯೂ ತಿಳಿಸಿದರು. ತೆರೆಯ ಮೇಲೆ ಕೂಸನ್ನು ಕಾಯುವ ಕಥೆ. ತೆರೆಯ ಹೊರಗೆ ಅದೇ ಕೂಸು ಕಾಯುವವರಿಲ್ಲದೆ ನಿಂತಿತ್ತು.

‘ಗ್ಲೋರಿಯಾ’ದ ಹುಡುಗನ ಪಾಡೂ ಹಗುರವಾಗಿರಲಿಲ್ಲ. ಫಿಲ್ ಆಗಿ ನಟಿಸಿದ ಜಾನ್ ಅಡೇಮ್ಸ್ ಆರೇಳು ವರ್ಷದ ಬಾಲಕ. ದೊಡ್ಡವರಂತೆ ಬಿಗಿದುಕೊಂಡು, ನಾನೇ ಗಂಡಸೆಂದು ಗರ್ಜಿಸುವ ಅವನ ನಟನೆ ಕೆಲವರಿಗೆ ಹಿಡಿಸಲಿಲ್ಲ. ವರ್ಷದ ಅತಿ ಕೆಟ್ಟ ಚಿತ್ರ, ಅತಿ ಕೆಟ್ಟ ನಟರನ್ನು ಆರಿಸಿ ಗೇಲಿ ಮಾಡುವ ‘ರಾಜಿ’ ಎಂಬ ಪ್ರಶಸ್ತಿ ೧೯೮೧ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಮೊದಲ ವರ್ಷವೇ ಅತಿ ಕೆಟ್ಟ ಪೋಷಕ ನಟನೆಂಬ ಬಿರುದನ್ನು ಈ ಬಾಲಕನಿಗೂ ಜಗತ್ಪ್ರಸಿದ್ಧ ನಟ ಲಾರೆನ್ಸ್ ಒಲಿವಿಯರ್ ಅವರಿಗೂ ಹಂಚಿದರು. ಒಲಿವಿಯರ್ ಅವರು ಎಪ್ಪತ್ತು ದಾಟಿದ, ಲೋಕವನ್ನು ಗೆದ್ದ ಮನುಷ್ಯ. ಅದನ್ನು ನಕ್ಕು ಮರೆಯಬಲ್ಲರು. ಹಾಲುಹಲ್ಲು ಬೀಳುವ ವಯಸ್ಸಿನ ಹುಡುಗನೊಬ್ಬನನ್ನು ಊರೆಲ್ಲ ಸೇರಿ ನಗುವುದು ತಮಾಷೆಯೆಂದು ಬಲ್ಲವರಿಗೆ ಹೇಗೆ ತೋರಿತೋ!

ಇದು ತಪ್ಪೆಂದು ಒಪ್ಪಿಕೊಳ್ಳಲು ಅವರಿಗೆ ನಾಲ್ಕು ದಶಕಗಳು ಬೇಕಾದವು. ಸ್ಟೀಫನ್ ಕಿಂಗ್ ಅವರು ೧೯೮೦ರಲ್ಲಿ ಬರೆದ ‘ಫೈರ್‌ಸ್ಟಾರ್ಟರ್’ ಕಾದಂಬರಿಯೂ, ಸೋಜಿಗವೆಂಬಂತೆ, ಬೇಟೆಗೆ ಗುರಿಯಾದ ಕೂಸಿನದೇ ಕಥೆ; ಮನಸ್ಸಿನಿಂದಲೇ ಬೆಂಕಿ ಹೊತ್ತಿಸಬಲ್ಲ ಹುಡುಗಿಯನ್ನು ಸರಕಾರದ ಗುಪ್ತ ಸಂಸ್ಥೆಯೊಂದು ಬೆನ್ನಟ್ಟುತ್ತದೆ. ಅದು ೨೦೨೨ರಲ್ಲಿ ಮತ್ತೊಮ್ಮೆ ಚಿತ್ರವಾಯಿತು. ೨೦೨೩ರ ಜನವರಿಯಲ್ಲಿ ‘ರಾಜಿ’ಯವರು ಅದರಲ್ಲಿ ನಟಿಸಿದ ಹನ್ನೆರಡು ವರ್ಷದ ಬಾಲನಟಿಯ ಹೆಸರನ್ನು ಅತಿ ಕೆಟ್ಟ ನಟಿಯರ ಪಟ್ಟಿಗೆ ಸೇರಿಸಿದರು. ಈ ಸಲ ಜನ ಸುಮ್ಮನಿರಲಿಲ್ಲ. ಬಾಲ್ಯದಲ್ಲಿ ನಟರಾಗಿದ್ದವರೂ ಸೇರಿ ಹಲವರು ಛೀಮಾರಿ ಹಾಕಿದರು. ಪ್ರಶಸ್ತಿಯವರು ಹೆಸರನ್ನು ತೆಗೆದುಹಾಕಿ, ಬಹಿರಂಗವಾಗಿ ಕ್ಷಮೆ ಕೇಳಿ, ಹದಿನೆಂಟು ವರ್ಷ ತುಂಬದವರನ್ನು ಇನ್ನು ಮುಂದೆ ಪಟ್ಟಿಗೆ ಸೇರಿಸುವುದಿಲ್ಲವೆಂದು ನಿಯಮ ಮಾಡಿದರು. ಮೊದಲ ವರ್ಷದ ಬಾಲಕನ ಪಾಲಿಗೆ ಆ ನಿಯಮ ತಡವಾಗಿ ಬಂದಿತು.

ಈ ಬಗೆಯ ಕಥೆಗಳು ನಿಂತಿಲ್ಲ, ನಿಲ್ಲುವಂತೆಯೂ ಕಾಣುವುದಿಲ್ಲ. ಜಪಾನಿನಲ್ಲಿ ೧೯೭೦ರಲ್ಲಿ ಮೊದಲಾದ ‘ಒಂಟಿ ತೋಳ ಮತ್ತು ಮರಿ’ ಎಂಬ ಅರ್ಥದ ಚಿತ್ರಕಥೆಯಲ್ಲಿ ಕತ್ತಿ ಹಿಡಿದ ತಂದೆ ಕೂಸನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ದೇಶ ಅಲೆಯುತ್ತಾನೆ. ೨೦೧೯ರಲ್ಲಿ ಬಂದ ‘ಮ್ಯಾಂಡಲೋರಿಯನ್’ ಧಾರಾವಾಹಿ ಅದನ್ನೇ ನಕ್ಷತ್ರಲೋಕಕ್ಕೆ ಒಯ್ದಿದೆ. ೨೦೧೩ರಲ್ಲಿ ಕಂಪ್ಯೂಟರ್ ಆಟವಾಗಿ ಹುಟ್ಟಿ ೨೦೨೩ರಲ್ಲಿ ಧಾರಾವಾಹಿಯಾದ ‘ದಿ ಲಾಸ್ಟ್ ಆಫ್ ಅಸ್’ ಮಾತ್ರ ಒಂದು ಹೊಸ ಮುಳ್ಳನ್ನು ಚುಚ್ಚುತ್ತದೆ. ಮಗಳನ್ನು ಕಳೆದುಕೊಂಡ ಜೋಯಲ್ ಎಂಬವನು ಒಲ್ಲದ ಮನಸ್ಸಿನಿಂದ ಪರರ ಹುಡುಗಿಯೊಬ್ಬಳನ್ನು ದೇಶದ ಆ ತುದಿಗೆ ಮುಟ್ಟಿಸಲು ಹೊರಡುತ್ತಾನೆ. ಕೊನೆಗೆ ಪ್ರೀತಿ ಎಷ್ಟು ಬಲಿಯುತ್ತದೆಂದರೆ, ಅವಳನ್ನು ಉಳಿಸಿಕೊಳ್ಳಲು ವೈದ್ಯರನ್ನೂ ಬಿಡದೆ ಕೊಲ್ಲುತ್ತಾನೆ. ಕೊಂದು, ಅವಳೆದುರು ಸುಳ್ಳು ಹೇಳುತ್ತಾನೆ. ಕಾಯುತ್ತೇನೆಂದು ಹೊರಟವನೇ ಕೂಸಿನ ಬದುಕಿನ ತೀರ್ಮಾನವನ್ನು ಅದರ ಕೈಯಿಂದ ಕಸಿದುಕೊಂಡನು. ಮಕ್ಕಳ ಓದು, ಮದುವೆ, ಉದ್ಯೋಗಗಳನ್ನು ಅವರ ಒಳಿತಿಗಾಗಿಯೇ ತೀರ್ಮಾನಿಸುವ ನಮಗೆ ಜೋಯಲ್ ಅಷ್ಟೇನೂ ಅಪರಿಚಿತನಲ್ಲ.

ಇಂತಹ ಚಿತ್ರಗಳನ್ನು ಮಕ್ಕಳಿಗೆ ತೋರಿಸಬಹುದೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿಯೇ ‘ಲಿಯೋನ್’, ‘ಟರ್ಮಿನೇಟರ್ ೨’ ಎರಡನ್ನೂ ಹದಿನೇಳು ತುಂಬದವರು ಹಿರಿಯರ ಜೊತೆಗಲ್ಲದೆ ನೋಡಬಾರದ ವರ್ಗದಲ್ಲಿ ಇಟ್ಟಿದ್ದಾರೆ. ‘ಲಿಯೋನ್’ ಚಿತ್ರವನ್ನಂತೂ ನಾನು ಮೊಮ್ಮಗಳಿಗೆ ಮುಂದೆ ನೋಡಗೊಡಲಿಲ್ಲ. ಆ ದಿನ ಅವಳ ಮುಖ ಸಣ್ಣದಾಯಿತು, ಇರಲಿ. ಕದ ತೆರೆದುಕೊಂಡ ದೃಶ್ಯದವರೆಗೆ ಅವಳ ಜೊತೆಗೇ ಕುಳಿತು ನೋಡಿ, ಅಲ್ಲಿಗೆ ನಿಲ್ಲಿಸಿ, ಏಕೆ ನಿಲ್ಲಿಸಿದೆನೆಂಬುದನ್ನು ಮರೆಮಾಚದೆ ಹೇಳಿದೆ. ನತಾಲಿ ಪೋರ್ಟ್‌ಮನ್ ಅವರ ಪತ್ರದ ಸಂಗತಿಯನ್ನು ಅವಳ ಅಜ್ಜಿ ಹೇಳಿದಳು. ಅದು ಅಜ್ಜಿಯೇ ಹೇಳಬೇಕಾದ ಮಾತಾಗಿತ್ತು. ಮರುವಾರ ಮೂವರೂ ಕೂಡಿ ‘ಗ್ಲೋರಿಯಾ’ ನೋಡಿದೆವು.

ಆ ಚಿತ್ರದ ಕೊನೆಯನ್ನು ಕುರಿತು ನಮ್ಮ ಮನೆಯಲ್ಲಿ ಈಗಲೂ ಜಗಳ ಮುಗಿದಿಲ್ಲ. ನ್ಯೂಯಾರ್ಕಿನಲ್ಲಿರುವಾಗ ಗ್ಲೋರಿಯಾ ಹುಡುಗನನ್ನು ಒಂದು ಸ್ಮಶಾನಕ್ಕೆ ಕರೆದೊಯ್ದಿರುತ್ತಾಳೆ. ಸತ್ತ ತಾಯಿ ತಂದೆಗೆ ಅವನು ವಿದಾಯ ಹೇಳಬೇಕಲ್ಲ! ಅವರ ಗೋರಿ ಎಲ್ಲಿದೆಯೋ ಅವಳಿಗೂ ತಿಳಿಯದು. ಯಾವುದಾದರೊಂದು ಗೋರಿಯ ಮುಂದೆ ನಿಂತು ಮಾತನಾಡಿಬಿಡು, ಅವರಿಗೆ ಕೇಳಿಸುತ್ತದೆ, ಎಂಬ ಧಾಟಿಯಲ್ಲಿ ಹೇಳಿಕೊಡುತ್ತಾಳೆ. ಕಡೆಗೆ ಲೆಕ್ಕದ ಪುಸ್ತಕವನ್ನು ಕೊಟ್ಟು ಹುಡುಗನ ಜೀವ ಬಿಡಿಸಿಕೊಳ್ಳಲು ಅವಳು ಒಬ್ಬಳೇ ಹಳೆಯ ನಾಯಕನ ಮನೆಗೆ ಹೋಗುತ್ತಾಳೆ; ತಾನು ಬಾರದಿದ್ದರೆ ರೈಲು ಹತ್ತಿ ಪಿಟ್ಸ್‌ಬರ್ಗಿಗೆ ಹೋಗೆಂದು ಅವನಿಗೆ ತಿಳಿಸಿರುತ್ತಾಳೆ. ಅಲ್ಲಿ ಗುಂಡು ಹಾರುತ್ತದೆ. ಅವಳು ಉಳಿದಳೋ ಇಲ್ಲವೋ ನಮಗೆ ತೋರಿಸುವುದಿಲ್ಲ. ಹುಡುಗ ಒಬ್ಬನೇ ಪಿಟ್ಸ್‌ಬರ್ಗ್ ತಲುಪಿ, ಕಾದು ಕಾದು, ಸ್ಮಶಾನವೊಂದನ್ನು ಹುಡುಕಿಕೊಂಡು ಹೋಗಿ, ಯಾರದೋ ಗೋರಿಯ ಮುಂದೆ ನಿಂತು ಅವಳು ಕಲಿಸಿದ ಬಗೆಯಲ್ಲಿಯೇ ಅವಳೊಡನೆ ಮಾತನಾಡತೊಡಗುತ್ತಾನೆ. ಆಗ ಒಂದು ಕಾರು ಬಂದು ನಿಲ್ಲುತ್ತದೆ. ಕಪ್ಪು ಉಡುಪಿನ, ನರೆಗೂದಲ ಮುದುಕಿಯೊಬ್ಬಳು ಇಳಿಯುತ್ತಾಳೆ. ಹುಡುಗ ಓಡುತ್ತಾನೆ. ನರೆಗೂದಲು ಕೃತಕವಾದದ್ದು. ಅವಳು ಗ್ಲೋರಿಯಾ.

ಅದು ನಿಜವಲ್ಲ, ಹುಡುಗನ ಕನಸೆಂದು ಮೊಮ್ಮಗಳ ವಾದ. ಅಷ್ಟು ಗುಂಡಿನ ನಡುವೆ ಯಾರು ಉಳಿಯಬಲ್ಲರೆಂದು ಅವಳು ಕೇಳುತ್ತಾಳೆ. ಚಿತ್ರವನ್ನು ಬಲ್ಲವರಲ್ಲಿಯೂ ಹಾಗೆನ್ನುವವರಿದ್ದಾರೆ. ನಾನು ಅಲ್ಲವೆನ್ನುತ್ತೇನೆ. ಅವಳ ಅಜ್ಜಿಗೆ ಈ ಚರ್ಚೆಯೇ ಬೇಡವಾಗಿತ್ತು. “ಅಕಿ ಬಂದಾಳೋ ಇಲ್ಲೋ ಅದು ಇರಲಿ. ಆ ಕೂಸು ಮಧ್ಯಾಹ್ನದಿಂದ ಏನೂ ತಿಂದಿಲ್ಲ” ಎಂದು ಹೇಳಿ, ನಮ್ಮ ಮೂವರಿಗೂ ಅವಲಕ್ಕಿ ಹಚ್ಚಲು ಎದ್ದು ಒಳಗೆ ಹೋದಳು.